ಎಫ್-ಮೂರು ಒತ್ತಿದರ ಭಟ್ಟಿ

ಶಿವಬಸವ ನಗರ, ಬೆಳಗಾವಿ
೧೨ ಜೂನ್ ೨೦೦೦

ಧರಣೇಂದ್ರ ಕಾಕಾ ಅವರಿಗೆ ಪ್ರಮಿಳಾಳ ನಮಸ್ಕಾರ.

ಖಾನಾಪುರದ ಹೆಂಚಿನ ಕಾರ್ಖಾನಿ ಕೆಲಸ ನೀವು ಬಿಟ್ರಿ ಅಂತ ನಿನ್ನೆ ಗೊತ್ತಾತು. ವಯಸ್ಸಾತು ಅಂತ ಹೇಳಿ ಬಂದೀರಂತ. ಖರೇ ಕಾರಣ ನಾನು.

ಕಾರ್ಖಾನಿ ಪ್ರೋಗ್ರಾಮ್ ಡಾಸ್‌ನಿಂದ ವಿಂಡೋಸ್‌ಗೆ ತರೋವಾಗ ನನ್ನ ಮುಂದ ಎರಡು ಟೂಲ್ ಇದ್ವು. ಒಂದರಾಗ ಹಳೇ ಕೀಗಳು ಇದ್ದಂಗ ಉಳೀತಿದ್ವು. ಇನ್ನೊಂದರಾಗ ಪರದೆ ಛಂದ, ಎಲ್ಲಾ ಕೆಲಸ ಮೌಸಿನ ಮ್ಯಾಲೆ. ನಾ ಛಂದ ಇದ್ದದ್ದನ್ನ ಆರಿಸಿದೆ. ಹಳೇದರಾಗ ಎಫ್-ಮೂರು ಒತ್ತಿದರ ಹೆಂಚು ಸುಡೋ ಭಟ್ಟಿ ಪುಟ, ಎಫ್-ಐದು ಒತ್ತಿದರ ಲಾರಿ ಪುಟ. ನೀವು ಪರದೆ ಕಡೆ ನೋಡದನ, ಡ್ರೈವರ್ ಜೋಡಿ ಮಾತಾಡಕೋತ ಒತ್ತತಿದ್ರಿ. ಅದು ಬರೀ ರೂಢಿ ಅಂದ್ಕೊಂಡಿದ್ದೆ.

ಈಗ ಆ ಮೊದಲನೇ ಟೂಲಿನಾಗ ಎಲ್ಲಾ ಹೊಸದಾಗಿ ಬರ್ಯಾಕತ್ತೀನಿ. ಯಾವ ಕೀ ಯಾವುದಕ್ಕ ಅಂತ ಕಾಕೂ ಕೈಲೆ ಬರೆಸಿ ಕಳಸ್ರಿ. ಮಾಲಕರ ಜೋಡಿ ನಾ ಮಾತಾಡ್ತೀನಿ. ಕೀಗಳ ವಿಷಯ ಅಷ್ಟ ಹೇಳ್ತೀನಿ, ಬ್ಯಾರೇದು ತಗಿಯೂದಿಲ್ಲ.

ನಮ್ಮ ಮನಿಗೆ ಬಂದು ಹೊಸ ಪ್ರೋಗ್ರಾಮಿನ ಪರದೆ ನೋಡಿದಾಗ ನೀವು "ಬಣ್ಣ ಭಾಳ ಛಂದ ಅದಾವವ್ವಾ" ಅಂದಿದ್ರಿ. ನಾ ಹಿಗ್ಗಿದೆ. ನಮ್ಮ ಮನ್ಯಾಗಿಂದು ಕಪ್ಪು-ಬಿಳಿ ಮಾನಿಟರ್ ಅನ್ನೂದು ಆಗ ನನಗ ಹೊಳೀಲಿಲ್ಲ.

ನಿಮ್ಮ ದಾರಿ ಕಾಯೋ
ಪ್ರಮಿಳಾ