ರೆಕ್ಕೆ ಬಂದ ಮರಿತಿಗಣೆ

ಅಕ್ಕಾ,
ನೀನೂ ನಿನ್ನ ಹೊಟ್ಟೆಯಲ್ಲಿರುವ ತುಂಟನೂ ಹಾಯಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಕೆಲಸ, ಬೂಷ್ಟಿನಿಂದ ತೆಗೆದ ರಸವನ್ನು ಬೆಳೆ ಹೀರುವ ತಿಗಣೆಯ ಮರಿಗಳಿಗೆ ಸವರುವುದು. ಮರಿಯನ್ನು ಮರಿಯಾಗಿಯೇ ಇಡುವ ಹಾರ್ಮೋನು ಅವುಗಳ ಮೈಯಲ್ಲಿ ತಯಾರಾಗದಂತೆ ಆ ರಸ ತಡೆಯಬೇಕು. ಆಗ ಅವು ಅಕಾಲದಲ್ಲೇ ಬಲಿತು ಮೊಟ್ಟೆಯಿಡಲಾರವು, ಬೆಳೆ ಉಳಿಯುತ್ತದೆ. ತಿಂಗಳುಗಟ್ಟಲೆ ಸವರಿದರೂ ಏನೂ ಆಗಿರಲಿಲ್ಲ. ಇವತ್ತು ಮರಿಗಳ ಡಬ್ಬಿಯ ಮುಚ್ಚಳ ತೆಗೆದರೆ, ಇನ್ನೂ ಪೊರೆ ಕಳಚಿ ಬೆಳೆಯಬೇಕಿದ್ದ ಮರಿಯೊಂದು ಆಗಲೇ ದೊಡ್ಡದಾಗಿಬಿಟ್ಟಿತ್ತು. ಮೈ ಜೀರಿಗೆಯಷ್ಟೇ, ರೆಕ್ಕೆ ಮುದುಡಿದ ಕಾಗದದಂತೆ. ಹಾರಲು ಹೋಗಿ ಮಗುಚಿ ಬಿತ್ತು.

ನಮ್ಮ ದೊಡ್ಡ ಮೇಡಂ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಕೊನೆಗೂ ಕೈಗೆ ಸಿಕ್ತು ಕಣೇ. ಈಗ ಬಿಟ್ಟು ಹೋಗ್ಬೇಡ" ಎಂದರು.

"ಹೆರಿಗೆಗೆ ಬರ್ತೀನಂತ ಅಕ್ಕಂಗೆ ಮಾತು ಕೊಟ್ಟಿದ್ದೀನಿ ಮೇಡಂ" ಎಂದೆ.

ಅವರು ಕನ್ನಡಿ ಕೆಳಗಿಟ್ಟು, "ಸರಿ, ಹೋಗು. ಈ ಮರಿಗಳ ಬಾಣಂತನ ನಾನೇ ಮಾಡ್ತೀನಿ" ಎಂದರು. ನನಗೆ ಖುಷಿಪಡಲೂ ತ್ರಾಣವಿರಲಿಲ್ಲ, ಸ್ಟೂಲಿನ ಮೇಲೆ ಕೂತುಬಿಟ್ಟೆ.

ಬೂಷ್ಟಿನ ಗಾಳಿಗೆ ಕೆಮ್ಮು ಹಿಡಿದಿದೆ. ಔಷಧಿ ಕುಡಿಯುತ್ತಿದ್ದೇನೆ, ಅಮ್ಮನಿಗೆ ಹೇಳಬೇಡ. ಬಂದ ದಿನ ಯಾರೂ ಮಾತಾಡಿಸದೆ ನನ್ನನ್ನು ಮಲಗಲು ಬಿಡಿ. ಆಮೇಲೆ ಕೂಸು ಎಷ್ಟು ಅತ್ತರೂ ನಾನೇ ಎತ್ತಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಂಗಿ