ಒಂದೇ ರಕ್ತದ ಇಬ್ಬರು

ಜೂನ್ ೧೭, ಮಂಗಳವಾರ. ಟುವೂಂಬಾ, ಆಸ್ಟ್ರೇಲಿಯಾ.

ಮರ್ವಿನ್ ಚಿಕ್ಕಪ್ಪನ ಬಾರಿನ ಲೈಸೆನ್ಸ್ ಇವತ್ತು ರದ್ದಾಯಿತು. ದೂರು ಕೊಟ್ಟವನು ನಾನೇ.

ನನ್ನ ಅವಳಿ ಲಾಕ್ಲನ್ ಕುಡಿತ ಬಿಟ್ಟು ವರ್ಷವಾಗಿತ್ತು. ಕ್ರಿಸ್‌ಮಸ್ ದಿನ ಚಿಕ್ಕಪ್ಪ ನಗುತ್ತಾ ಅವನ ಕೈಗೆ ಬಿಯರ್ ಗ್ಲಾಸು ಹಿಡಿಸಿದ. ಆಮೇಲೆ ಪ್ರತಿ ಸಂಜೆಯೂ ಸುರಿದುಕೊಟ್ಟ, ಅವನಿಗೆ ನಿಲ್ಲಲಾಗದಿದ್ದಾಗಲೂ. ಈಸ್ಟರ್ ಹೊತ್ತಿಗೆ ಲಾಕ್ಲನ್ ಮಣ್ಣು ಸೇರಿದ.

ವಿಚಾರಣೆಯಲ್ಲಿ ಚಿಕ್ಕಪ್ಪ ಕೈಚೆಲ್ಲಿದ. "ನಮ್ಮ ವಂಶವೇ ಹಾಗೆ ಸ್ವಾಮಿ. ನಮ್ಮಣ್ಣ, ಇವರಪ್ಪ, ಅವನೂ ಕುಡಿದೇ ಸತ್ತ. ಹುಟ್ಟುಗುಣಕ್ಕೆ ನಾನೇನ್ ಮಾಡ್ಲಿ?"

ನಾನು ಎದ್ದು ನಿಂತೆ. "ನನ್ನ ಮುಖ ನೋಡಿ. ಅವನದೇ ಮುಖ, ಅವನದೇ ರಕ್ತ. ನಾನು ಕುಡಿಯಲ್ಲ. ಅವಳಿಗಳ ಮೇಲೆ ಸಂಶೋಧನೆ ಮಾಡೋ ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ರು, ಈ ಚಟದ ಅಪಾಯ ಸುಮಾರು ಅರ್ಧ ಹುಟ್ಟಿನಿಂದ ಬರುತ್ತೆ, ಮಿಕ್ಕಿದ್ದು ಬದುಕಿನಿಂದ ಅಂತ. ಆ ಮಿಕ್ಕರ್ಧ ಇಲ್ಲೇ ಕೂತಿದಾನೆ."

ಹೊರಗೆ ಚಿಕ್ಕಪ್ಪ ಅಡ್ಡ ಬಂದ. "ಸ್ವಂತ ರಕ್ತಕ್ಕೇ ದ್ರೋಹ ಮಾಡ್ದೆಯಲ್ಲೋ ಇವಾನ್!"

"ದ್ರೋಹ ಅಲ್ಲ ಚಿಕ್ಕಪ್ಪ, ಸೇಡು" ಅಂದೆ. ಅವನು ಅತ್ತ. ನೋಡಿ ಹೊಟ್ಟೆ ತಣ್ಣಗಾಯಿತು.

ಈಗ ಆ ತಂಪೂ ಇಲ್ಲ. ಬಾರು ಹೋದದ್ದು ಸಾಲದು, ಅವನ ಮನೆಯೂ ಹೋಗಲಿ ಅನ್ನಿಸುತ್ತಿದೆ. ಲಾಕ್ಲನ್‌ಗೂ ಒಂದು ಗ್ಲಾಸಿನಲ್ಲಿ ಎಂದೂ ಸಾಕಾಗುತ್ತಿರಲಿಲ್ಲ. ನನಗೂ ಬಹುಶಃ ಅದೇ ಹುಟ್ಟುಗುಣ, ಸೇಡಿನಲ್ಲಿ.