ಅಮ್ಮನ ಕೆಪಾಸಿಟರ್ ಪಾಠ

ಅಂಗಡಿಯ ಮೇಲಿನ ಮನೆ
ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ತಂತೀ,

ಹೇಗಿದ್ದೀಯಮ್ಮ? ಬೆರಳಿನ ಸುಟ್ಟ ಗಾಯ ಒಣಗಿತೇ? ಕಣ್ಣಿಗೇನೂ ಆಗಿಲ್ಲ ಎಂದು ಬರೆದಿದ್ದೀಯ. ನಾನು ನಂಬಿದ್ದೇನೆ, ನಿನ್ನ ಅಮ್ಮ ನಂಬಿಲ್ಲ. ಮುಂದಿನ ಕಾಗದದಲ್ಲಿ ಎಡಗಣ್ಣಿನ ಕ್ಷೇಮ, ಬಲಗಣ್ಣಿನ ಕ್ಷೇಮ ಬೇರೆ ಬೇರೆಯಾಗಿ ಬರೆಯಬೇಕಂತೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ನೋಯುತ್ತದೆ, ಗಿರಾಕಿ ಕಂಡರೆ ನೋಯುವುದಿಲ್ಲ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಪ್ಪತ್ತೈದು ವೋಲ್ಟಿನ ಕೆಪಾಸಿಟರನ್ನು ನಲವತ್ತು ವೋಲ್ಟಿಗೆ ಜೋಡಿಸಿದೆ, ಅದು ಪಟಾರನೆ ಸಿಡಿಯಿತು, ಇಡೀ ತರಗತಿ ನಕ್ಕಿತು. ಇನ್ನು ಈ ಓದು ಸಾಕು, ಬಂದು ಅಂಗಡಿಯಲ್ಲಿ ಕೂರುತ್ತೇನೆ ಎಂದಿದ್ದೀಯ. ನಿಜ ಹೇಳಬೇಕೆಂದರೆ ನನಗೆ ಮೊದಲು ಖುಷಿಯೇ ಆಯಿತು. ಬಕೆಟ್ಟು, ಬೋಗುಣಿಗಳನ್ನು ತಲೆಯ ಮೇಲೆ ಹೊತ್ತು ಬೀದಿ ಬೀದಿ ಕೂಗಿ ಕಟ್ಟಿದ ಅಂಗಡಿ. ಮಗಳು ಬಂದು ನೋಡಿಕೊಳ್ಳುತ್ತೇನೆ ಎಂದರೆ ಯಾವ ಅಪ್ಪ ಬೇಡ ಎಂದಾನು? ಆದರೆ ಸರಕನ್ನು ತಿರುಗಿಸಿ ನೋಡದೆ ಒಳಗೆ ಬಿಟ್ಟುಕೊಂಡ ಅಭ್ಯಾಸ ನನಗಿಲ್ಲ. ನೀನು ಬಿಟ್ಟುಬರುವ ವಿದ್ಯೆ ಎಂಥದ್ದು ನೋಡಿಯೇಬಿಡೋಣ ಎಂದು, ನೀನೇ ಕಟ್ಟಿಕೊಟ್ಟ ಅಂಗಡಿಯ ಆಂಪ್ಲಿಫೈಯರನ್ನು ಬಿಚ್ಚಿದೆ.

ಅದಕ್ಕೂ ಕಾಯಿಲೆ ಬಂದಿತ್ತು. ಮೈಕು ಹಿಡಿದು ಬನ್ನಿ ಬನ್ನಿ ಎಂದರೆ ನನ್ನ ದನಿಗಿಂತ ಮೊದಲು ಗುಂಯ್ ಎಂಬ ಸದ್ದು ಬೀದಿಗೆ ಹೋಗುತ್ತಿತ್ತು. ಪಕ್ಕದ ಕನ್ನಡಕದಂಗಡಿಯವನು ಬಂದು, ಜೇನುಗೂಡನ್ನೂ ಮಾರುತ್ತೀರಾ ಯಜಮಾನರೇ ಎಂದು ಕೇಳಿ ಹೋಗಿದ್ದ. ಒಳಗೆ ನೋಡಿದರೆ ಎರಡು ಸಾವಿರದ ಇನ್ನೂರು ಮೈಕ್ರೋಫ್ಯಾರಡ್ಡಿನ ಕೆಪಾಸಿಟರೊಂದು ತಲೆ ಉಬ್ಬಿಸಿಕೊಂಡು ಕೂತಿತ್ತು. ನೀನು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಅಷ್ಟು ದೊಡ್ಡದಿರಲಿಲ್ಲ, ಸಾವಿರದವು ಎರಡಿದ್ದವು. ಸಾವಿರಕ್ಕೆ ಸಾವಿರ ಸೇರಿದರೆ ಎರಡು ಸಾವಿರ. ಇಷ್ಟು ಲೆಕ್ಕ ನನಗೆ ಯಾರು ಹೇಳಿಕೊಡಬೇಕು? ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ, ಹೊಗೆ ಕುಡಿಯುತ್ತ ಬೆಸುಗೆ ಹಾಕಿದೆ. ಸ್ವಿಚ್ಚು ಒತ್ತಿದರೆ ಜೇನುಗೂಡಾಗಿದ್ದದ್ದು ಹಿಟ್ಟಿನ ಗಿರಣಿಯಾಯಿತು.

ಬಟ್ಟೆ ಮಡಚುತ್ತಿದ್ದ ನಿನ್ನ ಅಮ್ಮ ತಲೆ ಕೂಡ ಎತ್ತಲಿಲ್ಲ. "ಒಂದರ ಹಿಂದೆ ಒಂದು ನಿಲ್ಲಿಸಿದ್ದೀರಿ, ಐನೂರಕ್ಕೆ ಇಳಿದಿದೆ. ಅಕ್ಕಪಕ್ಕ ಕೂರಿಸಿ," ಎಂದಳು. ಎರಡು ಸಾವಿರದ ಮಾಲು ಹಾಕಿ ಐನೂರು ಕೈಗೆ ಬರುವ ವ್ಯಾಪಾರ ಯಾವ ಪೇಟೆಯಲ್ಲಿದೆ ಕಣೇ ಎಂದು ರೇಗಿದೆ. ಅವಳು ಸಾವಧಾನವಾಗಿ ಹೇಳಿದಳು: ಕೆಪಾಸಿಟರಿನ ಒಳಗೆ ಎದುರುಬದುರಾಗಿ ಎರಡು ತಟ್ಟೆಗಳಿರುತ್ತವಂತೆ. ಅಕ್ಕಪಕ್ಕ ಜೋಡಿಸಿದರೆ ತಟ್ಟೆ ಅಗಲವಾದ ಹಾಗೆ, ಹೆಚ್ಚು ಹಿಡಿಸುತ್ತದೆ. ಸಾಲಾಗಿ ಜೋಡಿಸಿದರೆ ತಟ್ಟೆಗಳ ನಡುವೆ ದೂರ ಹೆಚ್ಚಾದ ಹಾಗೆ, ಕಡಿಮೆ ಹಿಡಿಸುತ್ತದೆ. ಇದೆಲ್ಲ ನಿನಗೆ ಯಾರು ಹೇಳಿದರು ಎಂದರೆ, "ಅವಳು ಅಡುಗೆಮನೆ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದ್ತಿದ್ದಳಲ್ಲ, ನನಗೇನು ಕಿವಿ ಇಲ್ಲವಾ? ನೀವು ಕೆಳಗೆ ಗಲ್ಲಾ ಕಾಯ್ತಿದ್ರಿ," ಎಂದಳು.

ಮುಂದಿನ ಕೆಲಸಕ್ಕೆ ಅವಳೇ ಮೇಸ್ತ್ರಿ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನ ಹೊಟ್ಟೆಯಲ್ಲಿ ಕರೆಂಟು ಕೂತಿರುತ್ತದೆ ಎಂದು ಬಲ್ಬೊಂದನ್ನು ತಾಗಿಸಿ ಇಳಿಸುವವರೆಗೆ ನನ್ನ ಕೈ ಹಿಡಿದೇ ಇದ್ದಳು. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಅಕ್ಕಪಕ್ಕ ಕೂರಿಸಿದೆ. ಸ್ವಿಚ್ಚು ಒತ್ತಿದಾಗ ಸದ್ದಿಲ್ಲ. ಕೆಟ್ಟೇಹೋಯಿತೆಂದು ಮೈಕಿನ ಹತ್ತಿರ ಕೆಮ್ಮಿದೆ, ಇಡೀ ಬೀದಿಗೆ ಕೇಳಿಸಿತು.

ಹಾಗಾದರೆ ಸಾಲಾಗಿ ನಿಲ್ಲಿಸುವುದು ಯಾವ ಸುಖಕ್ಕೆ ಎಂದು ಕೇಳಿದೆ. ವೋಲ್ಟಿನ ಭಾರ ಹಂಚಿಕೊಳ್ಳುವುದಕ್ಕಂತೆ. ಇಪ್ಪತ್ತೈದು ತಡೆಯುವ ಒಂದೇ ಅಳತೆಯ ಎರಡು ಸಾಲಾಗಿ ನಿಂತರೆ ಐವತ್ತು ತಡೆಯುತ್ತವೆ. ಪಾಲು ಸಮನಾಗಿರಲಿ ಎಂದು ಒಂದೊಂದಕ್ಕೂ ಒಂದು ರೆಸಿಸ್ಟರನ್ನು ಅಡ್ಡ ಕಟ್ಟಬೇಕು, ಅಷ್ಟೆ. "ಪಾಪ, ಮಗು ಒಂದನ್ನೇ ಹಾಕಿಬಿಟ್ಟಿದೆ," ಎಂದಳು ನಿನ್ನ ಅಮ್ಮ.

ಇಷ್ಟೇ ತಾನೇ ನಿನ್ನ ಅಪರಾಧ? ಎರಡು ಹಾಕುವ ಕಡೆ ಒಂದು ಹಾಕಿದೆ. ನಾನು ವ್ಯಾಪಾರಕ್ಕೆ ಇಳಿದ ದಿನ ಇಳಿಜಾರಿನಲ್ಲಿ ಮುಗ್ಗರಿಸಿ, ತಲೆಯ ಮೇಲಿದ್ದ ಬಕೆಟ್ಟುಗಳೆಲ್ಲ ಢಣಢಣ ಉರುಳಿ ಹೋದವು. ಬೀದಿಯೇ ನಕ್ಕಿತು. ನಕ್ಕವರೇ ಎತ್ತಿಕೊಂಡು ಬಂದು ಕೊಟ್ಟರು, ಅವರಲ್ಲೇ ಕೆಲವರು ಕೊಂಡರು. ನಗುವವರನ್ನು ಕಂಡು ಓಡಬಾರದು ಕಣೇ, ಅವರು ಹತ್ತಿರ ಬಂದಿರುತ್ತಾರೆ.

ಹೊಟ್ಟೆ ತುಂಬ ಊಟ ಮಾಡು. ಕಣ್ಣಿಗೆ ಕನ್ನಡಕ ಹಾಕದೆ ಬೆಸುಗೆ ಮುಟ್ಟಬೇಡ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ

ತಾ.ಕ.: ನೀನು ಅಂಗಡಿಗೆ ಬರುವ ವಿಷಯಕ್ಕೆ ಉತ್ತರ ಬರೆಯಲೇ ಇಲ್ಲ. ಮೈಕು ಸರಿಯಾಗಿದೆಯೋ ನೋಡುತ್ತೇನೆ ಎಂದು ಮಾರನೆಯ ದಿನ ಕೆಳಗೆ ಬಂದ ನಿನ್ನ ಅಮ್ಮ ಗಲ್ಲಾದ ಕುರ್ಚಿ ಹಿಡಿದವಳು ಬಿಟ್ಟಿಲ್ಲ. ಅವಳ ದನಿ ಕೇಳಿ ಎದುರು ಸಾಲಿನ ಗಿರಾಕಿಗಳೂ ಇತ್ತ ಬರುತ್ತಿದ್ದಾರೆ. ನನಗೆ ಡಬ್ಬಿ ಒರೆಸುವ ಕೆಲಸ ಕೊಟ್ಟಿದ್ದಾಳೆ. ಇಷ್ಟು ವರ್ಷ ಅವಳು ಇಷ್ಟೊಂದು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆದ್ದರಿಂದ ಇಲ್ಲಿ ಜಾಗ ಖಾಲಿ ಇಲ್ಲಮ್ಮ. ಈ ಕಾಗದ ಕೈಗೆ ಬಂದ ದಿನವೇ ತರಗತಿಗೆ ಹೋಗು.